ಅಣ್ಣನಿಗೆ ತೋಟೆ ತುಂಬಿಸುವ ಟರೆಟ್ ಪ್ರೆಸ್ ಕೊಡಿಸಬೇಕು, ಯಾವುದು ಒಳ್ಳೆಯದು?

ಬ್ರಹ್ಮಾವರದ ತೋಟದವ:
ನಮಸ್ಕಾರ. ನನ್ನ ಅಣ್ಣ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ರೇಂಜಿಗೆ ಹೋಗಿ ಗುರಿ ಹೊಡೆಯುವ ಹುಚ್ಚು, ತಿಂಗಳಿಗೆ ಹೆಚ್ಚುಕಡಿಮೆ 300 ತೋಟೆ, ಎಲ್ಲ 9 ಎಂಎಂ ಪಿಸ್ತೂಲಿನದ್ದು. ಖಾಲಿ ಹಿತ್ತಾಳೆ ಕೇಸು ಹೆಕ್ಕಿ ತಂದು ಗ್ಯಾರೇಜಿನಲ್ಲಿ ಮತ್ತೆ ತುಂಬಿಸುತ್ತಾನೆ. ಈಗಿರುವುದು ಸಿಂಗಲ್ ಸ್ಟೇಜ್ ಪ್ರೆಸ್. ಒಂದೊಂದು ಕೆಲಸಕ್ಕೂ ಡೈ (ಆ ಕೆಲಸದ ಅಚ್ಚು) ಬಿಚ್ಚಿ ಇನ್ನೊಂದು ಹಾಕಬೇಕು. ಹುಟ್ಟುಹಬ್ಬಕ್ಕೆ ನಾವೆಲ್ಲ ಸೇರಿ ಟರೆಟ್ ಪ್ರೆಸ್, ಅಂದರೆ ತಿರುಗುವ ತಲೆಯ ತೂತುಗಳಲ್ಲಿ ಡೈಗಳನ್ನೆಲ್ಲ ಒಟ್ಟಿಗೆ ಕೂರಿಸಿಡುವಂಥದ್ದು, ಕೊಡಿಸುವ ಅಂತ ಉಂಟು. ಲೀ ಕಂಪನಿಯ ನಾಲ್ಕು ತೂತಿನದ್ದೋ, ರೆಡ್ಡಿಂಗ್‌ನ ಏಳು ತೂತಿನದ್ದೋ?
ಮತ್ತೆ, ಅವನ ಹಳೇ ಪ್ರೆಸ್ ಊರಿಗೆ ತಂದರೆ ಅಪ್ಪನ 12 ಬೋರ್ ಕೋವಿಗೆ ತೋಟೆ ತುಂಬಿಸಬಹುದಾ? ಬೆಳೆ ರಕ್ಷಣೆ ಲೈಸೆನ್ಸ್ ಉಂಟು. ಹಂದಿ ಕಾಟ ಜಾಸ್ತಿಯಾಗಿದೆ.

ಮಣಿಪಾಲ (ಮೊದಲು ಓಹಾಯೋ):
ಬರೀ 9 ಎಂಎಂ ಆದರೆ ಲೀ ಕ್ಲಾಸಿಕ್ ಟರೆಟ್ ಸಾಕು ಮಾರಾಯ್ರೆ. ನಾನು ಅಲ್ಲಿದ್ದಾಗ ಅದನ್ನೇ ಬಳಸಿದ್ದು. ಹಳೇ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಸಣ್ಣ ಕ್ಯಾಪ್) ತೆಗೆದು ಕೇಸನ್ನು ಅಳತೆಗೆ ತರುವುದು, ಬಾಯಿ ಅಗಲಿಸಿ ಮದ್ದು ಹಾಕುವುದು, ಗುಂಡು ಕೂರಿಸುವುದು, ಬಾಯಿ ಬಿಗಿಯುವುದು, ನಾಲ್ಕು ಡೈಗೆ ನಾಲ್ಕು ತೂತು. ಹಿಡಿ ಎಳೆದ ಹಾಗೆ ತಲೆ ತಾನೇ ತಿರುಗುತ್ತದೆ, ನಾಲ್ಕು ಸಲ ಎಳೆದರೆ ಒಂದು ತೋಟೆ. ರೆಡ್ಡಿಂಗ್ ಗಟ್ಟಿ, ಆದರೆ ತಲೆ ಕೈಯಲ್ಲೇ ತಿರುಗಿಸಬೇಕು. ಒಂದು ಮಾತು ಅಣ್ಣನಿಗೆ ಹೇಳಿ: ಗುಂಡು ಕೂರಿಸುವ ಮುಂಚೆ ಪ್ರತಿ ಕೇಸಿನೊಳಗೂ ಬಗ್ಗಿ ನೋಡಬೇಕು. ನಾನು ಪ್ರೆಸ್ಸಿನ ಮೇಲೇ ಸಣ್ಣ ದೀಪ ಕಟ್ಟಿದ್ದೆ. ಮಾತಾಡುತ್ತಾ ಕೂತು ಒಂದೇ ಕೇಸಿಗೆ ಎರಡು ಸಲ ಮದ್ದು ಬಿದ್ದರೆ ಪಿಸ್ತೂಲೇ ಒಡೆದು ಹೋಗಬಹುದು, ಕೈ ಹೋದರೆ ಬರ್ತದಾ?

ಕಾರ್ಕಳದಿಂದ:
ಹಳೇ ಪ್ರೆಸ್ ಖಂಡಿತ ತರಬೇಡಿ. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ತೋಟೆ ತಯಾರಿಸುವ ಲೈಸೆನ್ಸ್ ಬೇರೆ. 1959ರ ಆಯುಧ ಕಾಯ್ದೆಯ 5ನೇ ಕಲಮಿನಲ್ಲೇ ಉಂಟು. ಲೈಸೆನ್ಸ್ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿ ಆದ ಮೇಲೆ ಕಡಿಮೆ ಅಂದರೂ 7 ವರ್ಷ ಜೈಲು. ಅಪ್ಪನ ಲೈಸೆನ್ಸಿಗೂ ಕುತ್ತು. ಎಲೆಕ್ಷನ್ ಬಂದಾಗೆಲ್ಲ ಕೋವಿ ಹೊತ್ತು ಠಾಣೆಗೆ ಹೋಗಿ ಇಟ್ಟು ಬರುವ ನಮಗೆ ಇನ್ನೊಂದು ತಲೆನೋವು ಯಾಕೆ? ಅದೂ ಅಲ್ಲದೆ ಆ ಪ್ರೆಸ್ ಹಿತ್ತಾಳೆ ಕೇಸಿನದ್ದು. 12 ಬೋರಿನ ಪ್ಲಾಸ್ಟಿಕ್ ತೋಟೆಗೆ ಮಿಷನ್ನೇ ಬೇರೆ.

ಬ್ರಹ್ಮಾವರದ ತೋಟದವ:
ಒಳ್ಳೆಯದಾಯಿತು ಕೇಳಿದ್ದು. ಅಪ್ಪನ ಹತ್ತಿರ ಆಗಲೇ ಹೇಳಿಬಿಟ್ಟಿದ್ದೆ, ಈಗಲೇ ಹೋಗಿ ಬೇಡ ಅಂತೇನೆ. ಅಣ್ಣನಿಗೆ ಲೀ ಮತ್ತು ಒಂದು ದೀಪ.