ಟೈಮ್ ಟ್ರಬಲ್: ಕೋಚ್ ಉತ್ತರಿಸ್ತಾರೆ (ದಾವಣಗೆರೆ ಚೆಸ್ ಪೋಷಕರ ಗುಂಪು)

ನಿಟುವಳ್ಳಿ ತಾಯಿ: ಸರ್, ಮಗಳಿಗೆ 12 ವರ್ಷ. 90 ನಿಮಿಷ, ನಡೆಗೆ 30 ಸೆಕೆಂಡ್ ಸೇರೋ ಟೂರ್ನಿ. ಗೆಲ್ಲೋ ಆಟಾನೂ ಕೊನೇಲಿ ಗಡಿಬಿಡಿಯಾಗಿ ಕಳ್ಕೋತಾಳೆ. ಉಳಿದ ನಿಮಿಷ ನಡೆ ಬರೆಯೋ ಶೀಟಲ್ಲಿ ಬರ್ಕೊಂಡಿದ್ದಾಳೆ: 8ನೇ ನಡೆ ಆದ್ಮೇಲೆ 84, 11ಕ್ಕೆ 61, 15ಕ್ಕೆ 38, 22ಕ್ಕೆ 6. ಬಿಳಿ ಕಾಯಿ, ಇಟಾಲಿಯನ್ ಓಪನಿಂಗ್ (ಆಟದ ಆರಂಭ). 8ನೇ ನಡೇಲಿ ಎದುರಾಳಿ ಅಂಚಿನ ಕಾಲಾಳನ್ನ ಎ6 ಬದಲು ಎ5ಗೆ ನೂಕಿದ್ದ. ಕೊನೇಲಿ ಬೇಗ ಆಡೋಕೆ ಏನು ಅಭ್ಯಾಸ ಮಾಡಿಸ್ಲಿ?

ಕೋಚ್: ಶೀಟಲ್ಲಿ ಟೈಮ್ ಬರೆದದ್ದು ಒಳ್ಳೇದಾಯ್ತಮ್ಮ, ನಿಯಮದಲ್ಲೂ ಅದಕ್ಕೆ ಅವಕಾಶ ಇದೆ. ಆದ್ರೆ ತಪ್ಪಾಗಿರೋದು ಕೊನೇಲಲ್ಲ, 9ರಿಂದ 11ರಲ್ಲಿ. 84 ಇದ್ದದ್ದು 61 ಆಗಿದೆ. ಮೂರು ನಡೆಗೆ ಸೇರಿದ ಒಂದೂವರೆ ನಿಮಿಷಾನೂ ಹೋಗಿದೆ. ಮೂರೇ ನಡೆಗೆ ಇಪ್ಪತ್ನಾಲ್ಕೂವರೆ ನಿಮಿಷ! ಬಾಯಿಪಾಠ ಮುಗಿದ ಜಾಗದಲ್ಲಿ ನಿಂತ್ಬಿಟ್ಟಿದ್ದಾಳೆ. ಎ5 ಬಂದ್ರೆ ಬಿ4 ನೂಕೋದು ಕಷ್ಟ, ಆದ್ರೆ ಇನ್ನು ಮೇಲೆ ಬಿ5 ಮನೇನ ಆ ಕಾಲಾಳು ಕಾಯಲ್ಲ. ಇಷ್ಟು ಮನೇಲೇ ಗೊತ್ತಿದ್ರೆ ಬೋರ್ಡಲ್ಲಿ ಮೂರು ನಿಮಿಷದ ಕೆಲಸ. ಓಪನಿಂಗ್ ಕಲಿಸುವಾಗ ನಡೆ ಜೊತೆ "ಇವನು ಇದನ್ನ ಆಡದಿದ್ರೆ ನನ್ನ ಯೋಜನೆ ಏನು" ಅಂತ ಒಂದು ಸಾಲು ಬರೆಸಿ.

ಇನ್ನು ಗುರುತು ಕಲ್ಲುಗಳು: 10ನೇ ನಡೆಗೆ 80 ನಿಮಿಷ, 20ಕ್ಕೆ 55, 30ಕ್ಕೆ 30, 40ಕ್ಕೆ 12 ಉಳೀಬೇಕು. ಇದು ನನ್ನ ಅಂದಾಜು, ನಿಯಮ ಅಲ್ಲ. ನಡುಆಟದಲ್ಲಿ ನಡೆಗೆ ಸರಾಸರಿ 3 ನಿಮಿಷ ಬೀಳುತ್ತೆ. ಒಂದು ನಡೆಗೆ 10 ನಿಮಿಷ ದಾಟೋದು ಆಟಕ್ಕೆ ಎರಡು ಸಲ ಸಾಕು, ಕಾಯಿ ಬಲಿ ಕೊಡುವಾಗ ಅಥವಾ ಕಾಲಾಳುಗಳ ರಚನೆಯೇ ಬದಲಾಗುವಾಗ. ಉಳಿದ ಕಡೆ ಎರಡು ನಡೇಲಿ ಯಾವುದು ಮೇಲು ಅಂತ 5 ನಿಮಿಷಕ್ಕೂ ತಿಳೀದಿದ್ರೆ ಯಾವುದಾದ್ರೂ ನಡೆಯುತ್ತೆ. ಎದುರಾಳಿ ಚೆಕ್ ಏನು, ಹೊಡೆತ ಏನು ಅಂತ ಒಂದೇ ಸಲ ನೋಡಿ ಆಡಿಬಿಡ್ಲಿ. ಮೊದಲಿಂದ ಮತ್ತೆ ಲೆಕ್ಕ ಹಾಕೋದೇ ಟೈಮ್ ನುಂಗೋದು.

ಇಷ್ಟಾದ್ಮೇಲೂ 1 ನಿಮಿಷಕ್ಕೆ ಇಳಿದ್ರೆ, ಸ್ಥಿತಿ ಕೆಡದೇ ಇದ್ರೆ ಕಾಯಿ ಒಂದು ಸಲ ಆಚೆ, ಒಂದು ಸಲ ಈಚೆ. ಎರಡು ನಡೆಗೆ 1 ನಿಮಿಷ ಸೇರುತ್ತೆ. ಎದುರಾಳೀನೂ ಹಾಗೇ ಆಡಿದ್ರೆ ಅಲ್ಲಿಗೆ ನಿಲ್ಲಿಸ್ಬೇಕು. ಅದೇ ಸ್ಥಿತಿ ಮೂರನೇ ಸಲ ಬಂದ್ರೆ ಅವನು ಡ್ರಾ ಕೇಳಬಹುದು.

ಹರಿಹರ: ಟೈಮ್ 5 ನಿಮಿಷಕ್ಕಿಂತ ಕಮ್ಮಿ ಆದ್ರೆ ನೋಟೇಶನ್ (ನಡೆ ಬರೆಯೋದು) ಬಿಡಬಹುದಾ ಸರ್?

ಕೋಚ್: 30 ಸೆಕೆಂಡ್ ಸೇರ್ತಿದ್ರೆ ಇಲ್ಲ, ಕೊನೇವರೆಗೂ ಬರೀಬೇಕು.

ವಿದ್ಯಾನಗರ: ಒಂದು ಫಾರ್ವರ್ಡ್ ಬಂದಿತ್ತು. ಆಟದ ಮುಂಚೆ ಏಕಾಗ್ರತೆ ಮಾತ್ರೆ, ಮೊದಲ 20 ನಡೆ ತಲಾ 1 ನಿಮಿಷದಲ್ಲಿ ಆಡ್ಬೇಕು, ಗಡಿಯಾರ ನೋಡ್ಲೇಬಾರ್ದು ಅಂತ. ಮಾಡಿಸಬಹುದಾ?

ಕೋಚ್: ಡಾಕ್ಟರ್ ಹೇಳದ ಮಾತ್ರೆ ಮಗೂಗೆ ಕೊಡಬೇಡ್ರಿ. ಚೆಸ್‌ನಲ್ಲೂ ಡೋಪಿಂಗ್ ನಿಯಮ ಇದೆ. 12ನೇ ನಡೇಲಿ ಕಾಯಿ ಬಿಟ್ಟು ಸೋತ್ರೆ ಉಳಿಸಿದ 70 ನಿಮಿಷ ಯಾತಕ್ಕೆ? ಗಡಿಯಾರ ನೋಡದೆ ಟೈಮ್ ಉಳಿಸೋ ವಿದ್ಯೆ ನನಗೆ ಬರಲ್ಲ. ಇಂಥ ಫಾರ್ವರ್ಡ್ ಇಲ್ಲಿ ಹಾಕ್ಬೇಡಿ, ಹೋದ ವಾರಾನೂ ಹೇಳಿದ್ದೆ.

ಜಗಳೂರು: ಮಗ ಎಡಗೈಯವನು. ಗಡಿಯಾರ ಎಡಗಡೆ ಇಡಿ ಅಂತ ಕೇಳಬಹುದಾ?

ಹೊಳಲ್ಕೆರೆ: ಕಾಲಾಳನ್ನ ಮಂತ್ರಿ ಮಾಡೋಕೆ ಮಂತ್ರಿ ಕಾಯಿ ಕೈಗೆ ಸಿಗ್ಲಿಲ್ಲ. ಹುಡುಗ ಕಾಲಾಳನ್ನ ಕೊನೆ ಮನೇಲಿಟ್ಟು ಗಡಿಯಾರ ಒತ್ತಿದ. ಎದುರಾಳಿಗೆ 2 ನಿಮಿಷ ಕೊಟ್ರು. ಅನ್ಯಾಯ ಅಲ್ವಾ?

ಕೋಚ್: ಅಲ್ಲ. ಅದು ನಿಯಮ ಮೀರಿದ ನಡೆ, ಎರಡನೇ ಸಲ ಆದ್ರೆ ಆಟವೇ ಸೋಲು. ಕಾಯಿ ಸಿಗದಿದ್ರೆ ಗಡಿಯಾರ ನಿಲ್ಲಿಸಿ ಆರ್ಬಿಟರನ್ನ (ತೀರ್ಪುಗಾರರನ್ನ) ಕರೀಬೇಕು. ಇನ್ನೊಂದು, ನಡೆ ಆಡಿದ ಕೈಯಿಂದಲೇ ಒತ್ತಬೇಕು.

ಎಂಸಿಸಿ ಬ್ಲಾಕ್: ನನ್ನ ಹತ್ರ ರಾಜ, ಕುದುರೆ. ಎದುರಾಳಿ ಹತ್ರ ರಾಜ, ಆನೆ. ಅವನ ಟೈಮ್ ಮುಗೀತು, ನಾನು ಗೆದ್ದೆ ಅಂದ್ರು. ಸರೀನಾ?

ಹರಿಹರ: ಒಂಟಿ ಕುದುರೆಯಿಂದ ಮೇಟ್ ಆಗಲ್ಲ, ಡ್ರಾ. ಚೆಸ್ ಡಾಟ್ ಕಾಮ್‌ನಲ್ಲಿ ಡ್ರಾನೇ ಕೊಡೋದು.

ಎಂಸಿಸಿ ಬ್ಲಾಕ್: ಅಲ್ರೀ, ನಾನು ಆಡಿದ್ದು ಹಾಲಲ್ಲಿ, ಮೊಬೈಲಲ್ಲಲ್ಲ.

ಹರಿಹರ: ನಿಯಮ ಎಲ್ಲಾ ಕಡೆ ಒಂದೇ.

ಕೋಚ್: ಒಂದೇ ಅಲ್ಲ. ಫಿಡೆ (ವಿಶ್ವ ಚೆಸ್ ಒಕ್ಕೂಟ) ನಿಯಮದಲ್ಲಿ ಬಲವಂತದ ಮೇಟ್ ಬೇಕಿಲ್ಲ; ಎದುರಾಳಿ ಎಷ್ಟೇ ದಡ್ಡತನದಿಂದ ಆಡಿದ್ರೂ ಸರಿ, ಮೇಟ್ ಸಾಧ್ಯ ಇದ್ರೆ ಸಾಕು. ಅವನ ರಾಜ ಎ8, ಆನೆ ಬಿ8, ನಿಮ್ಮ ರಾಜ ಎ6, ಕುದುರೆ ಸಿ7. ಮೇಟ್. ಹಾಗಾಗಿ ಗೆಲುವು ಸರಿ. ಆನೆ ಬದಲು ಅವನ ಹತ್ರ ಮಂತ್ರಿ ಮಾತ್ರ ಇದ್ದಿದ್ರೆ ಡ್ರಾ.

ಹರಿಹರ: ಅಂಥ ಪೊಸಿಷನ್‌ಗೆ ಯಾವನ್ರೀ ಹೋಗ್ತಾನೆ? ಇದೆಂಥ ನಿಯಮ!

ಚಿತ್ರದುರ್ಗ ಮೇಷ್ಟ್ರು: ಕೀಲಿ ಕೊಡೋ ಗಡಿಯಾರ ಇದ್ದಾಗ ಇದ್ಯಾವ ರಗಳೆಯೂ ಇರ್ಲಿಲ್ಲ. ಈ ಸೆಕೆಂಡ್ ಸೇರಿಸೋದು ಬಂದ್ಮೇಲೆ ಹುಡುಗರು ಸೋಮಾರಿಗಳಾದ್ರು.

ಎಂಸಿಸಿ ಬ್ಲಾಕ್: ಮೇಷ್ಟ್ರೇ, ಅದನ್ನ ತಂದದ್ದು ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್, 1992ರಲ್ಲಿ ಸ್ಪಾಸ್ಕಿ ಎದುರು ಆಡ್ದಾಗಲೇ ಬಳಸಿದ್ರು. ಫಿಷರ್ ಸೋಮಾರಿನಾ? ಮುಂಚೆ ಗೆದ್ದ ಆಟದಲ್ಲೂ ಗಡಿಯಾರದ ಬಾವುಟ ಬಿದ್ದು (ಟೈಮ್ ಮುಗಿದು) ಸೋಲ್ತಿದ್ರು.

ಚಿತ್ರದುರ್ಗ ಮೇಷ್ಟ್ರು: ಬಾವುಟ ಬೀಳದ ಹಾಗೆ ಆಡೋದೂ ಆಟವೇ. ನಿನ್ನೆ ಮೊನ್ನೆ ಬೋರ್ಡ್ ಹಿಡಿದೋರು ನಮಗೆ ಇತಿಹಾಸ ಹೇಳಬೇಡಿ.

ಹರಿಹರ: ಮೇಷ್ಟ್ರು ಹೇಳಿದ್ದು ಸರಿ.

ಎಂಸಿಸಿ ಬ್ಲಾಕ್: ನಿಮಗೆ ಕುದುರೆ ಮೇಟೇ ಗೊತ್ತಿರ್ಲಿಲ್ಲ, ಸುಮ್ನಿರ್ರಿ.

ವಿದ್ಯಾನಗರ: 15 ನಿಮಿಷ 10 ಸೆಕೆಂಡ್ ಆಟದಲ್ಲಿ ನೋಟೇಶನ್ ಬರೀಬೇಕಾ ಸರ್?

ಕೋಚ್: ಅದು ಕಮ್ಮಿ ಟೈಮಿನ ಆಟ, ರ‍್ಯಾಪಿಡ್. ಬೇಡ.

ಪಿ.ಜೆ. ಬಡಾವಣೆ: 30 ಸೆಕೆಂಡ್ ಇದ್ರೂ 5 ನಿಮಿಷ ಕೆಳಗೆ ಬಂದ್ಮೇಲೆ ಬರೀಬೇಕಾ?

ಕೋಚ್: ಮೇಲೆ ಓದ್ರಿ.

ನಿಟುವಳ್ಳಿ ತಾಯಿ: ಸರ್, ಬಿ5ಕ್ಕೆ ಯಾವ ಕಾಯಿ ಹೋಗ್ಬೇಕು ಅಂತ ಮಗಳು ಕೇಳ್ತಿದ್ದಾಳೆ.

ಕೋಚ್: ಒಳ್ಳೇ ಪ್ರಶ್ನೆ. ಸಿ3ರಲ್ಲಿ ಅವಳದೇ ಕಾಲಾಳು ಇರುತ್ತೆ, ಅದಕ್ಕೆ ಬಿ1ರ ಕುದುರೆಗೆ ಎ3 ದಾರಿ. ಕುದುರೆ ಆಗ್ಲೇ ಡಿ2ಗೆ ಹೋಗಿದ್ರೆ ಆ ದಾರಿ ಮರೀಲಿ, ಒಂಟೇನ ಬಿ5ಗೆ ತರಬಹುದಾ ನೋಡ್ಲಿ. ಎ3ಕ್ಕೆ ಬಂದ ಕುದುರೇನ ಎದುರಾಳಿ ಒಂಟೆ ಹೊಡೆದ್ರೆ ಬಿ ಕಾಲಾಳಿಂದ ವಾಪಸ್ ಹೊಡೀಬೇಕಾಗುತ್ತೆ. ಆ ಸ್ಥಿತಿ ಅವಳಿಗೆ ಇಷ್ಟವಾ ಅಂತ ಮನೇಲೇ ತೀರ್ಮಾನ ಆಗ್ಲಿ. ಇನ್ನೆರಡು ಆಟದ ಶೀಟ್ ಟೈಮ್ ಸಮೇತ ಕಳಿಸಿ.

ಜಗಳೂರು: ಸರ್, ಎಡಗೈದು?