ಅಪ್‌ಡೇಟ್: ಒರಗಿ ತುಳಿಯುವ ಸೈಕಲ್ಲಿನ ಚೈನು ಈಗ ಕಳಚುತ್ತಿಲ್ಲ

ದಾವಣಗೆರೆಯ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಟ್ಟುತ್ತಿರುವ ರಿಕಂಬೆಂಟ್ (ಹಿಂದಕ್ಕೊರಗಿ, ಕಾಲು ಮುಂದೆ ಚಾಚಿ ತುಳಿಯುವ) ಸೈಕಲ್ಲಿನ ಪೆಡಲನ್ನು ಬಲವಾಗಿ ತುಳಿದಾಗಲೆಲ್ಲ, ಆಸನದ ಕೆಳಗಿನ ರಾಟೆಯಿಂದ ಚೈನು ಕಳಚುತ್ತದೆಂದು ಕಳೆದ ವಾರ ಕೇಳಿದ್ದೆ. ಆ ತೊಂದರೆ ನೀಗಿದೆ.

ಕೊಂಡಿ ತೆಗೆದು ಚೈನು ಬಿಗಿಗೊಳಿಸುವುದರಿಂದಾಗಲಿ, ಚೈನನ್ನು ಎಳೆದು ಹಿಡಿಯುವ ಸ್ಪ್ರಿಂಗ್ ಟೆನ್ಷನರ್ ಕೂಡಿಸುವುದರಿಂದಾಗಲಿ ಪ್ರಯೋಜನವಾಗಲಿಲ್ಲ. ಅವೆರಡೂ ಸಡಿಲವಾಗಿರುವ ಕೆಳಸಾಲಿಗೆ ಮದ್ದು, ಆದರೆ ಕಳಚುತ್ತಿದ್ದುದು ತುಳಿತದ ಎಳೆತವೆಲ್ಲ ಬೀಳುವ ಮೇಲುಸಾಲು. ಫಲಿಸಿದ್ದು, ನಯವಾದ ರಾಟೆಯ ಬದಲು ಬೇರಿಂಗ್ ಇರುವ ಹಲ್ಲಿನ ಚಕ್ರ ಹಾಕಿ, ಅದು ಅಡ್ಡಕ್ಕೆ ತುಸು ಸರಿದಾಡುವಂತೆ ಎಡೆ ಬಿಡಬೇಕೆಂದ ಹಿರಿಯರೊಬ್ಬರ ಸಲಹೆ. ಗೇರ್ ಬದಲಾದಂತೆ ಚೈನಿನ ಸಾಲು ಓರೆಯಾಗುವುದರಿಂದ ಚಕ್ರವೂ ಅದರೊಡನೆ ಸರಿಯಬೇಕಾಗುತ್ತದೆ. ಕೆಳಸಾಲನ್ನು ದಾರಿ ತಪ್ಪದಂತೆ ಹಾಯಿಸಲು ಪ್ಲಾಸ್ಟಿಕ್ ಕೊಳವೆಯೇ ಸಾಕಾಯಿತು. ಹೊಸದಾಗಿ ಕಟ್ಟುವವರು ಎರಡೂವರೆ, ಮೂರು ಸಾಮಾನ್ಯ ಚೈನುಗಳಷ್ಟು ಉದ್ದಕ್ಕೆ ಸಿದ್ಧರಾಗಿರಬೇಕು.

ಹುಡುಕುವಾಗ ತಿಳಿದ ಅಚ್ಚರಿಯ ಸಂಗತಿಯೆಂದರೆ, 1933ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಸೈಕಲ್ ಪಟು ಫ್ರಾನ್ಸಿಸ್ ಫೋರ್ ಇಂಥದೇ ಸೈಕಲ್ಲಿನಲ್ಲಿ ಒಂದು ಗಂಟೆಗೆ 45 ಕಿ.ಮೀ.ಗೂ ಮಿಕ್ಕಿ ಕ್ರಮಿಸಿದರು. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಇವನ್ನು ಸ್ಪರ್ಧೆಗಳಿಂದ ಹೊರಗಿಟ್ಟಿತು. ವೇಗವೇ ಅಪರಾಧವಾಯಿತೇನೋ!

ಬ್ರೇಕ್ ತಂತಿಯನ್ನು ಉದ್ದಗೊಳಿಸುವುದು ಇನ್ನೂ ಬಾಕಿಯಿದೆ. ಹಳೇ ಪಿ.ಬಿ. ರಸ್ತೆಗೆ ಇಳಿಸುವ ಮುನ್ನ, ಲಾರಿ ಚಾಲಕರ ಕಣ್ಣಿಗೆ ಬೀಳುವಂತೆ ಆಸನದ ಹಿಂದೆ ಉದ್ದನೆಯ ಕೋಲಿಗೆ ಬಾವುಟವನ್ನೂ ಕಟ್ಟಲಿದ್ದೇನೆ.