ಸರಣಿ ಹಂತಕರು ಹೇಗಾಗ್ತಾರೆ? ‘ಮೂರು ಲಕ್ಷಣ’ದ ಮಾತಿಗೆ ಆಧಾರ ಇದೆಯಾ?

ಅಂಕೋಲೆ ಅಕ್ಕೋರು:
ಹಾಸಿಗೆ ಒದ್ದೆ ಮಾಡೋದು, ಬೆಂಕಿ ಹಚ್ಚೋದು, ಪ್ರಾಣಿಗಳಿಗೆ ಹಿಂಸೆ ಕೊಡೋದು. ಈ ಮೂರೂ ಇದ್ದ ಮಗು ಮುಂದೆ ಸರಣಿ ಹಂತಕ ಆಗ್ತದೆ ಅಂತ ಒಂದು ವಿಡಿಯೋ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಾ ಇದೆ. ನಾಯಿಮರಿಗೆ ಕಲ್ಲು ಹೊಡೆದ ಮೂರನೇ ತರಗತಿ ಮಾಣಿಗೂ ಈ ಹಣೆಪಟ್ಟಿ ಬೀಳ್ತಿದೆ. ಇಂಥವರು ಹುಟ್ಟಿನಿಂದಲೇ ಹಾಗಾ, ಬೆಳೆದ ರೀತಿಯಿಂದ ಹಾಗಾ? ಶಾಲೆಯಲ್ಲಿ ಗಮನಿಸಬೇಕಾದ್ದು ಏನು?

ಶಾಲ್ಮಲಾ, ಶಿರಸಿ:
ಅಕ್ಕೋರೆ, ಆ ಮಾತು ಹುಟ್ಟಿದ್ದು 1963ರಲ್ಲಿ. ಅಮೆರಿಕದ ಕೊಲರಾಡೊದಲ್ಲಿದ್ದ ಮನೋವೈದ್ಯ ಜೆ. ಎಂ. ಮ್ಯಾಕ್‌ಡೊನಾಲ್ಡ್, ಕೊಲೆ ಬೆದರಿಕೆ ಹಾಕಿದ ಸುಮಾರು 100 ರೋಗಿಗಳನ್ನು ನೋಡಿ ಬರೆದದ್ದು. ಸರಣಿ ಹಂತಕರನ್ನು ನೋಡಿ ಅಲ್ಲ. ಈ ಮೂರೂ ಸೇರಿದರೆ ಮುಂದೆ ಕೊಲೆಗಾರ ಅನ್ನೋದು ಆಮೇಲಿನ ಸಂಶೋಧನೆಗಳಲ್ಲಿ ನಿಲ್ಲಲಿಲ್ಲ. ಹಾಸಿಗೆ ಒದ್ದೆಯಾಗೋದನ್ನಂತೂ ಪೂರ್ತಿ ಬಿಟ್ಟುಬಿಡಿ. ಮೂತ್ರಕೋಶ ಬಲಿಯೋದು ತಡವಾಗೋದು, ಗಾಢ ನಿದ್ದೆ, ಮಲಬದ್ಧತೆ, ಅಪ್ಪ ಅಮ್ಮನಿಗೂ ಚಿಕ್ಕಂದಿನಲ್ಲಿ ಇದ್ದದ್ದು, ಕಾರಣಗಳು ಇಂಥವು.

ಪ್ರಾಣಿಹಿಂಸೆಯನ್ನು ಮಾತ್ರ ಹಗುರ ಮಾಡಬೇಡಿ. ಒಂದು ಸಲ ಕಲ್ಲು ಎಸೆದದ್ದು ಬೇರೆ. ಮತ್ತೆ ಮತ್ತೆ, ಗುಟ್ಟಾಗಿ, ಪ್ರಾಣಿ ನರಳೋದನ್ನು ನೋಡ್ತಾ ನಿಲ್ಲೋದು ಬೇರೆ. ಎಷ್ಟೋ ಸಲ ಅದು ಆ ಮಗುವೇ ಮನೆಯಲ್ಲಿ ಪೆಟ್ಟು ತಿನ್ನುತ್ತಿರುವುದರ ಗುರುತು.

ಮಗುವಿನ ನಡತೆಯಲ್ಲೇ ತೊಂದರೆ (ಕಾಂಡಕ್ಟ್ ಡಿಸಾರ್ಡರ್) ಇದೆಯಾ ಅಂತ ವೈದ್ಯರು ನೋಡೋ ಅಳತೆ ಹೀಗಿದೆ: ಜಗಳ, ಕಳವು, ಸುಳ್ಳು, ಆಸ್ತಿ ಹಾಳು ಮಾಡೋದು ಮೊದಲಾದ 15 ನಡವಳಿಕೆಗಳಲ್ಲಿ ಕಡಿಮೆಯೆಂದರೆ 3, ಕಳೆದ 12 ತಿಂಗಳಲ್ಲಿ ಕಂಡಿರಬೇಕು. ಒಂದಾದರೂ ಕಳೆದ 6 ತಿಂಗಳಲ್ಲಿ ಇರಬೇಕು. ಅದರ ಮೇಲೆ ಇನ್ನೂ ನಾಲ್ಕನ್ನು ಕೇಳ್ತಾರೆ: ಮಾಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ, ಬೇರೆಯವರ ನೋವು ತಟ್ಟೋದಿಲ್ಲ, ತನ್ನ ಓದು ಕೆಲಸ ಕೆಟ್ಟರೂ ಚಿಂತೆಯಿಲ್ಲ, ಭಾವನೆ ಮೇಲುಮೇಲಿನದು. ಇವುಗಳಲ್ಲಿ ಎರಡಾದರೂ ಒಂದು ವರ್ಷ, ಮನೆಯಲ್ಲೂ ಶಾಲೆಯಲ್ಲೂ ಕಂಡರೆ ಗಂಭೀರ. ಆಗಲೂ ‘ಹಂತಕ’ ಅಂತ ಹೇಳೋ ಹಾಗಿಲ್ಲ. ಸರಣಿ ಕೊಲೆ ಎಷ್ಟು ವಿರಳ ಅಂದರೆ, ಯಾವ ಲಕ್ಷಣ ಹಿಡಿದು ಹುಡುಕಿದರೂ ಸಿಗೋದು ಬಹುಪಾಲು ನಿರಪರಾಧಿ ಮಕ್ಕಳೇ.

ಹುಟ್ಟಾ, ಬೆಳವಣಿಗೆಯಾ ಅಂದಿರಿ. ಮಕ್ಕಳನ್ನು ಹುಟ್ಟಿನಿಂದ ದೊಡ್ಡವರಾಗೋವರೆಗೆ ಗಮನಿಸಿದ ನ್ಯೂಜಿಲೆಂಡಿನ ಡ್ಯುನೆಡಿನ್ ಅಧ್ಯಯನದ 2002ರ ಫಲಿತಾಂಶ ಎಲ್ಲರೂ ಎತ್ತೋದು: ಮಿದುಳಿನ ಕೆಲವು ರಾಸಾಯನಿಕಗಳನ್ನು ಒಡೆಯೋ ಕೆಲಸದ ಎಂಎಒಎ ಜೀನ್ ಮಂದವಾಗಿದ್ದು, ಬಾಲ್ಯದಲ್ಲಿ ಹಿಂಸೆಯನ್ನೂ ಉಂಡ ಗಂಡುಮಕ್ಕಳಲ್ಲಿ ಸಮಾಜವಿರೋಧಿ ನಡತೆ ಹೆಚ್ಚು, ಅದೇ ಜೀನ್ ಇದ್ದು ಹಿಂಸೆ ಕಾಣದವರಲ್ಲಿ ಹಾಗಿಲ್ಲ. ಆಮೇಲಿನ ಅಧ್ಯಯನಗಳಲ್ಲಿ ಫಲಿತಾಂಶ ಏರುಪೇರಾಗಿದೆ. ‘ಕೊಲೆಗಾರನ ಜೀನ್’ ಅನ್ನೋದು ಇಲ್ಲ.

ಕಾಳಿ ದಂಡೆ, ಕಾರವಾರ:
ಬಾಲ್ಯ ಅರ್ಧ ಕಥೆ ಅಷ್ಟೇ. ಅವಕಾಶ ಅನ್ನೋದನ್ನೂ ನೋಡಬೇಕು. 2009ರಲ್ಲಿ ನಮ್ಮ ಜಿಲ್ಲೆಯ ಎರಡೂ ಕಡೆ ಒಬ್ಬೊಬ್ಬ ಸಿಕ್ಕಿಬಿದ್ದ. ಉತ್ತರಕ್ಕೆ ಗೋವಾದ ಶಿರೋಡದ ಮಹಾನಂದ ನಾಯ್ಕ: 16 ಕೊಲೆಗಳ ಆರೋಪ, ಹಲವು ಪ್ರಕರಣಗಳಲ್ಲಿ ಖುಲಾಸೆ, ಕೆಲವುಗಳಲ್ಲಿ ಜೀವಾವಧಿ. ದಕ್ಷಿಣಕ್ಕೆ ಬಂಟ್ವಾಳದ ಕಡೆಯ ಸಯನೈಡ್ ಮೋಹನ್: 20 ಮಹಿಳೆಯರ ಕೊಲೆ ಪ್ರಕರಣ, ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವ.

ಇಬ್ಬರ ದಾರಿಯೂ ಒಂದೇ. ಬಡ ಮನೆಯ, ಮದುವೆ ತಡವಾದ ಹೆಣ್ಣುಮಕ್ಕಳು, ಮದುವೆಯ ಮಾತು, ‘ಬರುವಾಗ ಒಡವೆ ಹಾಕಿಕೊಂಡು ಬಾ’. ಮೋಹನ್ ದೂರದ ಊರಿನ ಲಾಡ್ಜಿಗೆ ಕರೆದೊಯ್ದು, ಬೆಳಿಗ್ಗೆ ಒಡವೆ ಕೋಣೆಯಲ್ಲೇ ಬಿಡಿಸಿ, ಗರ್ಭ ನಿಲ್ಲದಿರಲಿ ಅಂತ ನಂಬಿಸಿ ಸಯನೈಡ್ ಬೆರೆಸಿದ ಮಾತ್ರೆ ಕೊಟ್ಟು ಬಸ್ ನಿಲ್ದಾಣದ ಶೌಚಾಲಯಕ್ಕೆ ಕಳಿಸ್ತಿದ್ದ. ಅಲ್ಲಿಯ ಠಾಣೆಗೆ ಅದು ಗುರುತು ಸಿಗದ ಒಂದು ಅಸಹಜ ಸಾವು. ಊರಿನಲ್ಲಿ ‘ಯಾರ ಜೊತೆಗೋ ಓಡಿ ಹೋದಳು’ ಅಂತ ಮನೆಯವರೂ ಬಾಯಿ ಮುಚ್ಚಿಕೊಂಡರು. ಎರಡು ಕಡತಗಳು ಒಂದೇ ಮೇಜಿಗೆ ಬರಲಿಲ್ಲ. ಕೊನೆಗೆ ಕೊಂಡಿ ಕೊಟ್ಟಿದ್ದು ಮೊಬೈಲ್ ಕರೆ ದಾಖಲೆ.

ಮೊದಲ ಕೊಲೆಯಲ್ಲಿ ಸಿಕ್ಕಿಬೀಳದವ ಯಾರನ್ನು ಆರಿಸಿದರೆ ಯಾರೂ ಹುಡುಕೋದಿಲ್ಲ ಅನ್ನೋದನ್ನು ಕಲೀತಾನೆ. ನಡುವೆ ತಿಂಗಳುಗಟ್ಟಲೆ ಸಾಮಾನ್ಯ ಸಂಸಾರ. ಇದು ಹುಚ್ಚು ಅಲ್ಲ. 1960ರ ದಶಕದ ಮುಂಬೈಯ ಸರಣಿ ಹಂತಕ ರಾಮನ್ ರಾಘವ್ ಬೇರೆ: ಸ್ಕಿಜೋಫ್ರೇನಿಯಾ ಅನ್ನೋ ಗಂಭೀರ ಮಾನಸಿಕ ಕಾಯಿಲೆಯ ಕಾರಣಕ್ಕೆ ಅವನ ಗಲ್ಲು ಜೀವಾವಧಿಯಾಯಿತು. ಈ ಎರಡು ಬಗೆಯವರನ್ನೂ ಒಂದೇ ಕಟ್ಟಿನಲ್ಲಿ ಹಾಕೋದರಿಂದ ಮಾನಸಿಕ ಕಾಯಿಲೆಯ ಸಾವಿರಾರು ಮನೆಗಳಿಗೆ ಅನ್ಯಾಯ ಆಗ್ತದೆ.

ಅಂಕೋಲೆ ಅಕ್ಕೋರು:
ರಾಶಿ ಉಪಕಾರ ಆಯ್ತು. ಆ ಮಾಣಿಯ ವಿಷಯದಲ್ಲಿ ಶಾಲೆ ಮಾಡಬೇಕಾದ್ದು?

ಶಾಲ್ಮಲಾ, ಶಿರಸಿ:
ತರಗತಿ ಎದುರು ನಿಲ್ಲಿಸಿ ವಿಚಾರಿಸಬೇಡಿ. ಒಬ್ಬನೇ ಇರುವಾಗ ಏನಾಯಿತು ಅಂತ ಕೇಳಿ, ಮೈಮೇಲೆ ಬಾಸುಂಡೆ ಇದೆಯಾ ನೋಡಿ. ಮನೆಯಲ್ಲಿ ಹಿಂಸೆಯ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ತಾರೀಖು ಹಾಕಿ ನಡೆದದ್ದಷ್ಟನ್ನು ಬರೆದಿಡಿ, ‘ಕ್ರೂರಿ’ ಅಂತ ಷರಾ ಬೇಡ. ವೈದ್ಯರಿಗೆ ಬೇಕಾಗೋದು ಘಟನೆ. ಭಾವನೆ ತಟ್ಟದ ಮಕ್ಕಳಿಗೆ ಹೊಡೆತ ಕೆಲಸ ಮಾಡೋದಿಲ್ಲ, ಇನ್ನಷ್ಟು ಗಟ್ಟಿಯಾಗ್ತಾರೆ. ಒಳ್ಳೆಯದು ಮಾಡಿದ ಕೂಡಲೇ ಸಿಗೋ ಚಿಕ್ಕ ಮೆಚ್ಚುಗೆಗೆ ಬಗ್ಗುತ್ತಾರೆ. ಇದನ್ನು ತಂದೆತಾಯಿಗೂ ಕಲಿಸಬೇಕು. ದಾರಿ ತೋಚದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಪರೀಕ್ಷೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್.